ನೀರು ಬೀಳದ ಚಪ್ಪಡಿ

"ಹಿತ್ತಲಲ್ಲಿ ಏನ್ ಬೇಕಾದ್ರೂ ಮಾಡ್ಕಳಿ ಅಳಿಯಂದ್ರೇ, ಆ ಚಪ್ಪಡಿ ಒಂದನ್ನ ಮಾತ್ರ ಮುಟ್ಬೇಡಿ," ಅಂದಳು ವೆಂಕಟಲಕ್ಷ್ಮಮ್ಮ. ಮುದ್ದೆ ತೊಳಸುತ್ತಿದ್ದ ಕೋಲನ್ನು ನಿಲ್ಲಿಸಿ ಹೇಳಿದಳು. "ಅದ್ರ ಮ್ಯಾಲೆ ನೀರು ಬೀಳ್ಬಾರ್ದು. ಅದ್ರ ಕೆಳಕ್ಕೆ ಬೇರು ಓಗ್ಬಾರ್ದು. ಇಷ್ಟೇ ನಾನ್ ಕೇಳಾದು."

"ಯಾಕತ್ತೆ, ಕೆಳಗೆ ನಿಧಿ ಗಿಧಿ ಇದೆಯಾ?"

"ನಿಧಿಯಲ್ಲ. ಮಾಟ. ನಮ್ಮ ಓರಗಿತ್ತಿ ಲಕ್ಕಮ್ಮ ಮಾಡ್ಸಿ ಊತಿರೋದು. ಗೌರಿ ಬಾಳಬಾರ್ದು ಅಂತ."

ಚನ್ನಕೇಶವ ತಟ್ಟೆಯ ಮುಂದೆ ಕೂತೇ ನಕ್ಕ. "ಮಾಟ ಅಂತೀರಿ, ಮಳೆಗೆ ಹೆದರುತ್ತೆ ಅಂತೀರಿ. ನೆನೆದರೆ ಅದಕ್ಕೆ ನೆಗಡಿ ಆಗುತ್ತಾ?"

ಬಾಗಿಲ ಬಳಿ ನಿಂತಿದ್ದ ಅವನ ಹೆಂಡತಿ ಗೌರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳ ತಾಯಿ ನಗಲಿಲ್ಲ. ಅಂದಿನ ಮುದ್ದೆ ಪೂರ್ತಿ ಗಂಟು ಗಂಟಾಗಿತ್ತು.

ಐವತ್ತೊಂಬತ್ತನೇ ಇಸವಿ, ಸಂಕ್ರಾಂತಿ ಕಳೆದ ವಾರ. ಚಿಕ್ಕಜಾಲ ದಾಟಿ ಬಳ್ಳಾರಿ ರಸ್ತೆಯಿಂದ ಒಳಕ್ಕೆ ಹೊರಳಿದರೆ ಊರ ಕೊನೆಯ ಮನೆ ಅದು. ಯಜಮಾನ ಮುನಿರಾಮಯ್ಯ ಹಿಂದಿನ ವರ್ಷ ಕಣ್ಣು ಮುಚ್ಚಿದ್ದ. ಉಳಿದವರು ತಾಯಿ ಮತ್ತು ಒಬ್ಬಳೇ ಮಗಳು. ಹಾಗಾಗಿ ಅಳಿಯನೇ ಮನೆಗೆ ಬಂದಿದ್ದ. ಚನ್ನಕೇಶವ ಹೆಬ್ಬಾಳದಲ್ಲಿ ಬೇಸಾಯದ ಓದು ಮುಗಿಸಿ, ಯಲಹಂಕದ ಕಡೆ ರೈತರಿಗೆ ಬೀಜ ಗೊಬ್ಬರದ ಬುದ್ಧಿ ಹೇಳುವ ಸರ್ಕಾರಿ ಕೆಲಸದಲ್ಲಿದ್ದ. ಹೆತ್ತವರ ಮುಖ ಕಂಡವನಲ್ಲ, ಹಾಸ್ಟೆಲಿನಲ್ಲಿ ಬೆಳೆದವನು. ಊರಿನವರಿಗೆಲ್ಲ ಮಣ್ಣಿನ ಪಾಠ ಹೇಳುತ್ತಿದ್ದರೂ ತನ್ನದೆನ್ನುವ ಗೇಣು ಮಣ್ಣಿರಲಿಲ್ಲ. ಈಗ ಹದಿನೈದು ಗುಂಟೆಯ ಹಿತ್ತಲು ಕೈಗೆ ಬಂದಿತ್ತು, ಮೇಲೆ ಗೌರಮ್ಮನಿಗೆ ಮೂರು ತಿಂಗಳು. ತನ್ನ ರಕ್ತದ ಒಂದು ಜೀವ, ತನ್ನ ಕೈಯ ಒಂದು ತೋಟ. ಇನ್ನೇನು ಬೇಕು ಮನುಷ್ಯನಿಗೆ? ಅವನು ಆ ದಿನಗಳಲ್ಲಿ ಸೈಕಲ್ ತುಳಿಯುತ್ತಾ ಶಿಳ್ಳೆ ಹಾಕುತ್ತಿದ್ದನಂತೆ.

ಆ ಸೀಮೆಯಲ್ಲಿ ಆಗ ದ್ರಾಕ್ಷಿಯ ಹುಚ್ಚು. ಕಲ್ಲುಕಂಬ ನೆಟ್ಟು, ತಂತಿ ಎಳೆದು, ಚಪ್ಪರ ಹಾಕದವನು ಬೇಸಾಯಗಾರನೇ ಅಲ್ಲ ಅನ್ನುವಂತಾಗಿತ್ತು. ಚನ್ನಕೇಶವನೂ ಕಾಗದದ ಮೇಲೆ ಗೆರೆ ಎಳೆದು ನಕ್ಷೆ ಮಾಡಿದ. ಲಂಟಾನ ಪೊದೆ, ಒಡೆದ ಒರಳುಕಲ್ಲು, ತಿಪ್ಪೆ, ಹಳೇ ಬೇಲಿ, ಎಲ್ಲ ತೆಗೆದು ಹೊಸ ತೋಟ. ಆಳು ಚಿಕ್ಕಹನುಮಯ್ಯ ಇಬ್ಬರನ್ನು ಕಟ್ಟಿಕೊಂಡು ಬಂದು ಅಗೆಯತೊಡಗಿದ.

ಮೊದಲ ವಾರದಲ್ಲೇ ಮನೆ ಮನೆಯಾಗಿ ಉಳಿಯಲಿಲ್ಲ. ಹಿತ್ತಿಲ ಬಾಗಿಲಿಗೆ ಅಡ್ಡವಾಗಿ ಕಲ್ಲುಕಂಬಗಳ ರಾಶಿ. ಬಾವಿಗೆ ಹೋಗಬೇಕೆಂದರೆ ಕೊಟ್ಟಿಗೆ ಸುತ್ತಿ ಹೋಗಬೇಕು. ಕಾಲುವೆ ದಾಟಲು ಹಾಕಿದ ಹಲಗೆಯ ಮೇಲೆ ಬಸುರಿ ಹೆಂಗಸು ಕೊಡ ಹೊತ್ತು ಅಡ್ಡಾದಿಡ್ಡಿ ನಡೆಯಬೇಕು. ಹಾಲಿನಲ್ಲಿ ಧೂಳು, ಹಿಟ್ಟಿನಲ್ಲಿ ಮರಳು, ಹಾಸಿಗೆಯಲ್ಲಿ ಎರೆಹುಳು. ಮೂಳೆಪುಡಿಯ ಮೂಟೆ ಪಡಸಾಲೆಯಲ್ಲೇ ಇದ್ದದ್ದರಿಂದ ದೇವರ ದೀಪದ ಎಣ್ಣೆಗೂ ಅದೇ ನಾತ. ಚನ್ನಕೇಶವ ಒಳಗೆ ಬಂದಾಗಲೆಲ್ಲ ಕಂಬದ ಮೇಲೆ, ಚೊಂಬಿನ ಮೇಲೆ, ಹೆಂಡತಿಯ ಸೀರೆಯ ಮೇಲೆ ಕೆಮ್ಮಣ್ಣಿನ ಐದು ಬೆರಳು ಮೂಡುತ್ತಿದ್ದವು.

"ಕೈ ಮಣ್ಣು, ತೊಳ್ಕೊಂಡ್ ಬನ್ನಿ," ಎನ್ನುವುದೇ ಅತ್ತೆಯ ಜಪವಾಯಿತು.

ಅವನ ಹೆಮ್ಮೆಯೆಲ್ಲ ಒಂದು ಕಾಲುವೆಯ ಮೇಲಿತ್ತು. ಬಚ್ಚಲ ನೀರು ಅಲ್ಲೇ ನಿಂತು ಸೊಳ್ಳೆ ಸಾಕುತ್ತಿತ್ತು. ಬಚ್ಚಲ ಗೋಡೆ ಒಡೆದು, ಇಳಿಜಾರು ನೋಡಿ, ಸ್ನಾನದ ನೀರು ನೇರವಾಗಿ ದ್ರಾಕ್ಷಿಯ ಮೊದಲ ಗುಂಡಿಗೆ ಹೋಗುವಂತೆ ಅವನು ಕಾಲುವೆ ತೆಗೆಸಿದ. ಒಂದು ತಂಬಿಗೆ ನೀರೂ ಪೋಲಾಗಬಾರದು. ಅವನು ರೈತರಿಗೆ ಹೇಳುತ್ತಿದ್ದ ಪಾಠ ಅದೇ.

ನೂಲು ಹಿಡಿದು ಗುಂಡಿಗಳ ಸಾಲು ಗುರುತು ಹಾಕಿದಾಗ ಮೊದಲ ಗುಂಡಿ ಸರಿಯಾಗಿ ಚಪ್ಪಡಿಯ ಮೇಲೆ ಬಂತು. ನಾಲ್ಕು ಗೂಟದ ಮೇಲೆ ತಗಡು ಹೊದಿಸಿ, ವರ್ಷವೆಲ್ಲ ಅತ್ತೆ ಗುಡಿಸಿ ಒಣಗಿಸಿಟ್ಟಿದ್ದ ಚಪ್ಪಡಿ. ಸುತ್ತ ಮೂರು ಮಾರು ಒಂದು ಗರಿಕೆಯೂ ಇರಲಿಲ್ಲ. ಸಾಲನ್ನು ಎರಡು ಮೊಳ ಪಕ್ಕಕ್ಕೆ ಸರಿಸಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಓದಿದವನ ನಕ್ಷೆ, ಅದು ಸರಿಯುವುದುಂಟೆ? ನಾಗಸಂದ್ರದ ನೆಂಟರ ಮದುವೆಗೆಂದು ಅತ್ತೆ ಎರಡು ದಿನ ಹೋದದ್ದೇ ತಡ, ಅವನು ತಗಡು ಕೀಳಿಸಿದ.

ಚಿಕ್ಕಹನುಮಯ್ಯ ಹಾರೆ ಕೆಳಗಿಟ್ಟ. "ನನ್ ಕೈಲಾಗಾಕಿಲ್ಲ ಸಾಮಿ. ಮನೇಲಿ ಮಕ್ಕಳವ್ರೆ."

"ನನಗೂ ಆಗುತ್ತೆ ಬಿಡಯ್ಯ, ಇನ್ನಾರು ತಿಂಗಳಿಗೆ," ಎಂದು ಚನ್ನಕೇಶವ ತಾನೇ ಹಾರೆ ಹಾಕಿ ಮೀಟಿದ.

ಚಪ್ಪಡಿ ಎದ್ದಿತು. ಒಳಗಿಂದ ನಾತ ಬರಲಿಲ್ಲ. ಬಂದದ್ದು ಒಣ ಗಾಳಿ, ಮೂಗು ಬಾಯಿ ಒಮ್ಮೆಗೇ ಆರಿಹೋಗುವಂಥ ಗಾಳಿ. ಮಣ್ಣು ರಾಗಿ ಹಿಟ್ಟಿನ ಹಾಗೆ ಬೆರಳ ಸಂದಿಯಿಂದ ಜಾರಿತು. ಇರುವೆಯಿಲ್ಲ, ಹುಳುವಿಲ್ಲ, ಒಂದು ಸತ್ತ ಬೇರೂ ಇಲ್ಲ. ಮೊಳದಾಳದಲ್ಲಿ ಬಾಯಿ ಮುಚ್ಚಿದ ಮಡಿಕೆ ಸಿಕ್ಕಿತು. ಒಡೆದರೆ ಒಳಗೆ ಕಪ್ಪಗೆ, ಸುಕ್ಕುಸುಕ್ಕಾಗಿ, ಹಳೇ ಚರ್ಮದಂಥದೊಂದು ಮುದ್ದೆ. ಅದಕ್ಕೆ ತಾಮ್ರದ ತಂತಿ ಮೂರು ಸುತ್ತು ಬಿಗಿದಿತ್ತು. ಜೊತೆಗೆ ಕಪ್ಪು ದಾರದಲ್ಲಿ ಪೋಣಿಸಿದ ಒಂದು ಹವಳ.

ಅದೇನೆಂದು ಅವನಿಗೆ ತಿಳಿಯಿತು. ಹೆರಿಗೆಯಲ್ಲಿ ಮಗುವಿನ ಹಿಂದೆ ಬೀಳುವ ಕಸ. ಆ ಕಡೆ ಪ್ರತಿ ಮನೆಯಲ್ಲೂ ಅದನ್ನು ಹೊಸ ಮಡಿಕೆಯಲ್ಲಿಟ್ಟು, ಅರಿಶಿನ ಹಾಕಿ, ನಾಯಿ ಕೆದಕದ ಹಾಗೆ ಮುಳ್ಳು ಮುಚ್ಚಿ ಹಿತ್ತಲಲ್ಲಿ ಹೂಳುತ್ತಾರೆ.

"ಇದಾ ನಿಮ್ಮ ಮಾಟ!" ಅವನು ಗಟ್ಟಿಯಾಗಿ ನಕ್ಕ. "ರಕ್ತ, ಮಾಂಸ, ಸುಣ್ಣ. ದ್ರಾಕ್ಷಿ ಬೇರಿಗೆ ಇದಕ್ಕಿಂತ ಒಳ್ಳೇ ಗೊಬ್ಬರ ಯಾವುದಯ್ಯ?"

ತಂತಿ ಬಿಚ್ಚಲು ನೋಡಿದ, ಬರಲಿಲ್ಲ. ತಂತಿಯ ಸಮೇತ ಗುಂಡಿಯ ತಳಕ್ಕಿಟ್ಟು, ಮೂಳೆಪುಡಿ, ಹೊಂಗೆ ಹಿಂಡಿ, ತಿಪ್ಪೆಗೊಬ್ಬರ ತುಂಬಿ, ಬೇರು ಬಂದ ಒಂದು ಕಡ್ಡಿ ನೆಟ್ಟ. ಹವಳವನ್ನು ಬೀಜದ ಡಬ್ಬಿಗೆ ಹಾಕಿಟ್ಟ. ಚಪ್ಪಡಿ ಬಚ್ಚಲಲ್ಲಿ ಬಟ್ಟೆ ಒಗೆಯುವ ಕಲ್ಲಾಯಿತು. ಆ ಸಂಜೆ ಗೌರಮ್ಮ ಅದರ ಮೇಲೇ ನಿಂತು ಮೈ ತೊಳೆದುಕೊಂಡಳು. ನೀರು ಕಾಲುವೆಯಲ್ಲಿ ಹರಿದು ಗುಂಡಿ ಸೇರಿತು. ಅಷ್ಟು ನೀರು ಹೋದರೂ ಗುಂಡಿಯ ಮೇಲೆ ಒಂದು ಗಳಿಗೆ ತೇವ ನಿಲ್ಲಲಿಲ್ಲ.

ಅತ್ತೆ ಮದುವೆಯಿಂದ ಬಂದವಳು ಹಿತ್ತಲು ನೋಡಿ ಮಣ್ಣ ಮೇಲೆ ಕೂತುಬಿಟ್ಟಳು. ಕೂಗಾಡುತ್ತಾಳೆ ಎಂದು ಅವನು ಮಾತು ಸಿದ್ಧ ಮಾಡಿಕೊಂಡಿದ್ದ. ಅವಳು ಕೂಗಲಿಲ್ಲ.

"ಗೌರಿ ಮೀಯೋ ನೀರು ಎಲ್ಲಿಗೋಗ್ತದೆ?" ಎಂದಷ್ಟೇ ಕೇಳಿದಳು.

ಅವನು ಹೆಮ್ಮೆಯಿಂದ ಕಾಲುವೆ ತೋರಿಸಿದ.

ಮರುದಿನ ಕಾಲುವೆಗೆ ಯಾರೋ ಮಣ್ಣು ಮೆತ್ತಿದ್ದರು. ಅವನು ತೆಗೆದ. ಮತ್ತೆ ಮೆತ್ತಿದ್ದರು. ಮತ್ತೆ ತೆಗೆದ. ಮೂರನೇ ಸಲ ಮೆತ್ತಿದಾಗ ಅವನು ತೆಗೆಯುವ ಅಗತ್ಯವೇ ಬೀಳಲಿಲ್ಲ. ನೀರು ತಾನೇ ನೆಲದೊಳಗೆ ಹಾದಿ ಮಾಡಿಕೊಂಡಿತ್ತು. ಆಮೇಲೆ ಅತ್ತೆ ಹಿತ್ತಲ ಕಡೆ ಮುಖ ಹಾಕುವುದನ್ನೇ ಬಿಟ್ಟಳು.

ಬೇರೆ ಗುಂಡಿಗಳ ಕಡ್ಡಿಗಳು ತಿಂಗಳಿಗೆ ಎರಡೆಲೆ ಬಿಟ್ಟವು. ಮೊದಲ ಗುಂಡಿಯದು ತಿಂಗಳಿಗೆ ಚಪ್ಪರ ಮುಟ್ಟಿತು. ಯುಗಾದಿಯ ಹೊತ್ತಿಗೆ ಎಂಟು ಕಂಬಗಳನ್ನು ಹೊದ್ದು, ಉಳಿದ ಗಿಡಗಳನ್ನು ನೆರಳಲ್ಲೇ ಕೊಂದು, ಮನೆಯ ಹೆಂಚಿನ ಕಡೆ ಬಳ್ಳಿ ಚಾಚಿತು. ಚನ್ನಕೇಶವ ಟೇಪು ಹಿಡಿದು ಅಳೆದ. ಕಾಂಡ ಮಗುವಿನ ತೊಡೆಯಷ್ಟು ದಪ್ಪವಿತ್ತು. ಕಚೇರಿಯವರನ್ನು ಕರೆತಂದು ತೋರಿಸಬೇಕೆಂದು ಕುಣಿದ.

ಆದರೆ ಮಟಮಟ ಮಧ್ಯಾಹ್ನದಲ್ಲೂ ಆ ಚಪ್ಪರದ ಕೆಳಗೆ ಕತ್ತಲು. ಹಸಿ ಹಸಿ ಕತ್ತಲು. ಅಲ್ಲೊಂದು ವಾಸನೆ. ಸಾಂಬ್ರಾಣಿ ಹೊಗೆ, ಬಜೆ, ಬೆಳ್ಳುಳ್ಳಿ, ಹಸಿ ಹಾಲು. ಬಾಣಂತಿ ಕೋಣೆಯ ವಾಸನೆ. ಆ ಮನೆಯಲ್ಲಿ ಬಾಣಂತಿ ಇದ್ದು ಇಪ್ಪತ್ತೆರಡು ವರ್ಷವಾಗಿತ್ತು. ಬಚ್ಚಲಲ್ಲಿ ನೀರು ಬಿದ್ದ ಕೂಡಲೇ ಬೇರಿನ ಬುಡದಿಂದ ಸದ್ದು ಬರುತ್ತಿತ್ತು. ಚಪ್ ಚಪ್. ಚಪ್ ಚಪ್. ಎಳೆಗೂಸು ಮೊಲೆ ಕುಡಿಯುವ ಸದ್ದು. ಮಣ್ಣು ನೀರು ಹೀರುವಾಗ ಹಾಗೆಯೇ ಆಗುತ್ತದೆ ಎಂದು ಅವನು ತನಗೇ ಹೇಳಿಕೊಂಡ. ಅಷ್ಟು ಹೊತ್ತಿಗೆ ಶಿಳ್ಳೆ ನಿಂತುಹೋಗಿತ್ತು.

ಯಾಕೆಂದರೆ ಗೌರಮ್ಮ ಒಣಗುತ್ತಿದ್ದಳು. ತುಟಿ ಸೀಳಿತು. ತಲೆಗೂದಲು ಬಾಚಣಿಗೆಯಲ್ಲಿ ಕಟ್ಟು ಕಟ್ಟಾಗಿ ಬಂತು. ಚೊಂಬಿನ ಮೇಲೆ ಚೊಂಬು ನೀರು ಕುಡಿದರೂ "ದಾಹ ಕಣ್ರೀ, ದಾಹ," ಎನ್ನುತ್ತಿದ್ದಳು. ಆರನೇ ತಿಂಗಳಲ್ಲಿ ಬೆಳೆಯಬೇಕಾದ ಹೊಟ್ಟೆ ಇಳಿಯತೊಡಗಿತು. ಯಲಹಂಕದ ಡಾಕ್ಟರು ರಕ್ತ ಕಡಿಮೆ ಎಂದು ಟಾನಿಕ್ ಬರೆದುಕೊಟ್ಟರು. ಆ ಟಾನಿಕ್ಕಿನ ಕೆಂಪು, ಬಳ್ಳಿಯ ಕುಡಿಗಳಲ್ಲಿ ಕಾಣಿಸಿತೇ ಹೊರತು ಅವಳ ಕೆನ್ನೆಯಲ್ಲಲ್ಲ.

"ಕೂಸು ಒದೀತಿಲ್ಲ," ಎಂದಳು ಎಂಟನೇ ತಿಂಗಳ ಒಂದು ಬೆಳಿಗ್ಗೆ. "ನಿನ್ನೆಯಿಂದ ಸುಮ್ನಿದೆ ಕಣ್ರೀ."

ಅವನು ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದ. ಆದರೂ ಓದಿದ ತಲೆ ಓದಿದ್ದನ್ನೇ ಹೇಳಿತು. ಚಪ್ಪರದ ತಂಪು ಮನೆಗೆ ಹೊಡೆಯುತ್ತಿದೆ, ಗಾಳಿ ಬೆಳಕಿಲ್ಲ, ಬಳ್ಳಿ ಸವರಿದರೆ ಎಲ್ಲ ಸರಿಹೋಗುತ್ತದೆ. ಕತ್ತರಿ ತಂದ. ಹೆಂಚಿನ ಕಡೆ ಚಾಚಿದ ಒಂದು ರೆಂಬೆ ಹಿಡಿದು ಓರೆಯಾಗಿ ಕತ್ತರಿಸಿದ.

ಕತ್ತರಿಸಿದ ದ್ರಾಕ್ಷಿ ಬಳ್ಳಿ ನೀರು ಸುರಿಸುವುದು ಸಹಜ. ಅದು ಅವನಿಗೆ ಗೊತ್ತು. ಆದರೆ ಆ ನೀರು ಬೆಚ್ಚಗಿತ್ತು. ಅಂಗೈ ಮೇಲೆ ಬಿತ್ತು. ಬೆಚ್ಚಗೆ. ಆಮೇಲೆ ತಿಳಿಗೆಂಪು. ಆಮೇಲೆ ಕೆಂಪು.

ಒಳಗೆ ಗೌರಮ್ಮ ಚೀರಿದಳು.

ಓಡಿದ. ಹಲಗೆ ಜಾರಿತು. ಎದ್ದ. ಮತ್ತೆ ಓಡಿದ. ಅವಳ ಮುಂಗೈಯಲ್ಲಿ ಗಾಯ. ಓರೆ ಗಾಯ. ಹರಿತವಾದ, ಒಂದೇ ಏಟಿನ, ಕತ್ತರಿಯ ಬಾಯಷ್ಟೇ ಉದ್ದದ ಗಾಯ. ಅವಳು ಅಕ್ಕಿ ಆರಿಸುತ್ತಾ ಕೂತಿದ್ದಳು. ಸುತ್ತ ಹರಿತವಾದದ್ದು ಏನೂ ಇರಲಿಲ್ಲ. ಮೊರದಲ್ಲಿದ್ದ ಅಕ್ಕಿಯೆಲ್ಲ ಕೆಂಪಾಗಿತ್ತು.

ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಮಗಳ ಕೈ ನೋಡಿದಳು, ಅಳಿಯನ ಕೈಯ ಕತ್ತರಿ ನೋಡಿದಳು.

ಅವನ ನಗು ಅಲ್ಲಿಗೆ ಮುಗಿಯಿತು. ಹೊರಗೆ ಬಂದು ಚಿಕ್ಕಹನುಮಯ್ಯನ ಮುಂದೆ ನಿಂತ. "ಏನ್ ಮಾಡ್ಲಯ್ಯ?" ಎಂದ. ಮಣ್ಣಿನ ಪಾಠ ಹೇಳುವವನು ಮಣ್ಣು ಅಗೆಯುವವನನ್ನು ಬೇಡಿದ.

"ಲಕ್ಕಮ್ಮ ಇನ್ನೂ ಬದುಕವ್ಳೆ ಸಾಮಿ. ಎಬ್ಬಾಳ ಕೆರೆ ಕೆಳ್ಗೆ ಸೊಪ್ಪು ಬೆಳೀತಾಳೆ. ಕಟ್ಟಿದೋರ ಕೈಯೇ ಬಿಚ್ಚಬೇಕಂತೆ. ಓಗಿ ಕಾಲ್ ಇಡ್ಕಳಿ."

ಬೀಜದ ಡಬ್ಬಿಯಿಂದ ಹವಳ ತೆಗೆದು ಜೇಬಿಗೆ ಹಾಕಿಕೊಂಡು ಅವನು ಬಸ್ಸು ಹತ್ತಿದ. ಮಂತ್ರಗಾತಿಯ ಮನೆಯೆಂದರೆ ತಲೆಬುರುಡೆ, ನಿಂಬೆಹಣ್ಣು ಇರುತ್ತದೆಂದು ಎಣಿಸಿದ್ದ. ಕೆರೆ ಏರಿಯ ಕೆಳಗೆ ಕಂಡದ್ದು ಅಚ್ಚುಕಟ್ಟಾದ ಮಡಿಗಳು, ದಂಟು, ಮೆಂತ್ಯ, ಕೊತ್ತಂಬರಿ. ನಡುವೆ ಕುಕ್ಕರುಗಾಲಲ್ಲಿ ಕೂತು ಕಳೆ ಕೀಳುತ್ತಿದ್ದ ಬಡಕಲು ಹೆಂಗಸು. ಅಂಥ ಸೊಪ್ಪನ್ನು ಅವನು ಇಲಾಖೆಯ ತೋಟದಲ್ಲೂ ಕಂಡಿರಲಿಲ್ಲ.

"ಯಾರಪ್ಪಾ?"

ಅವನು ಗೌರಿಯ ಗಂಡನೆಂದ. ಅವಳು ಕಳೆ ಕೀಳುವುದನ್ನು ನಿಲ್ಲಿಸಲಿಲ್ಲ.

"ಗೌರಿ ಚೆಂದಾಗವ್ಳಾ? ನಾಲ್ಕು ವರ್ಷದ ಕೂಸಾಗಿದ್ಲು ನಾನ್ ಮನೆ ಬಿಟ್ಟಾಗ. ನನ್ ಯಜಮಾನ್ರು ಸತ್ರು. ಮಕ್ಕಳಿಲ್ದೋಳು, ಮಾಟ ಮಾಡ್ಸವ್ಳೆ ಅಂತ ತಳ್ಳುದ್ರು."

"ನೀವು ಮಾಡಿದ್ದನ್ನ ನೀವೇ ಬಿಚ್ಚಬೇಕು ಅಮ್ಮಾ. ನನ್ನ ಹೆಂಡ್ತಿ ಸಾಯ್ತಿದಾಳೆ. ಮಗು ಅಲುಗ್ತಿಲ್ಲ," ಎಂದು ಅವನು ಹವಳ ಮುಂದೆ ಹಿಡಿದ. "ಇದು ಮಡಿಕೆಯಲ್ಲಿತ್ತು."

ಲಕ್ಕಮ್ಮ ಹವಳ ನೋಡಿದಳು. ಕೈಯಲ್ಲಿದ್ದ ಕಳೆ ಕೆಳಗೆ ಬಿತ್ತು. ಅವಳು ಹವಳವನ್ನು ತನ್ನ ಎಡಗೈ ಮಣಿಕಟ್ಟಿಗೆ ಒತ್ತಿ ಹಿಡಿದಳು.

"ಇದು ನನ್ದು," ಎಂದಳು. "ಇಪ್ಪತ್ತೇಳು ವರ್ಷದಿಂದೆ ನನ್ ಎರಿಗೇಲಿ ನಮ್ಮವ್ವ ಕೈಗೆ ಕಟ್ಟಿದ್ದು. ಕೂಸು ಸತ್ತೇ ಉಟ್ತು. ನಂಗೆ ಪ್ರಗ್ನೆ ಇರ್ನಿಲ್ಲ. ಎದ್ದಾಗ ಕೈಯಾಗೆ ಈ ಮಣಿ ಇರ್ನಿಲ್ಲ. ಕಸಾನ ಊಳಕ್ಕೆ ನನ್ ಓರಗಿತ್ತಿ ಕೈಗೇ ಕೊಟ್ಟಿದ್ರು."

ಚನ್ನಕೇಶವ ಮಡಿಯ ಬದುವಿನ ಮೇಲೆ ಕೂತುಬಿಟ್ಟ. ಮಡಿಕೆ ಲಕ್ಕಮ್ಮ ಹೂತದ್ದಲ್ಲ. ಲಕ್ಕಮ್ಮನದೇ ಹೆರಿಗೆಯ ಕಸವನ್ನು ತಂತಿ ಬಿಗಿದು, ಒಣಗಿಸಿ, ಇಪ್ಪತ್ತೇಳು ವರ್ಷ ಒಂದು ಹನಿ ಬೀಳದ ಹಾಗೆ ಗುಡಿಸಿ ಕಾದವಳು ಅವನ ಅತ್ತೆ. ಲಕ್ಕಮ್ಮನ ಬಸಿರು ಮತ್ತೆಂದೂ ಹಸಿಯಾಗದಿರಲಿ, ಮನೆ ಜಮೀನೆಲ್ಲ ತನ್ನ ಹೊಟ್ಟೆಯ ಕುಡಿಗೇ ಉಳಿಯಲಿ ಎಂದು.

"ಒಬ್ಬ ಮಂತ್ರವಾದಿ ಅಂದಿದ್ದ," ಎಂದಳು ಲಕ್ಕಮ್ಮ, ಯಾರಿಗೋ ಹೇಳುವ ಹಾಗೆ. "ನಿನ್ ಬಸಿರು ಎಲ್ಲೋ ಒಣಗ್ಲು ಜಾಗ್ದಾಗೆ ಕಟ್ಬಿದ್ದದೆ, ಉಡುಕು ಅಂತ. ಉಡುಕಕ್ಕೆ ಓಗಿದ್ಕೇ ಅಲ್ವಾ ಮಾಟಗಾತಿ ಅಂದದ್ದು. ಎಲ್ಲಾ ಕಡೆ ಉಡುಕ್ದೆ. ನನ್ ಮನೆ ಇತ್ತಲು ಬಿಟ್ಟು."

ಅವನು ಚಪ್ಪಡಿ ಎತ್ತಿದ್ದು, ಬಚ್ಚಲ ಕಾಲುವೆ, ಬಳ್ಳಿ, ಎಲ್ಲ ಹೇಳಿದ. "ಈಗ?"

"ಒಣಗಿದ್ದಕ್ಕೆ ನೀರು ಸಿಕ್ಕದೆ. ಬಸುರಿ ಮೈ ತೊಳೆದ ನೀರು ಸಿಕ್ಕುದ್ರೆ ಆ ಬಸುರೀನೇ ಕುಡೀತದೆ. ಕಟ್ಟಿದ ಕೈಯೇ ಬಿಚ್ಚುದ್ರೆ ಅಲ್ಲಿಗೆ ಮುಗೀತದೆ. ಬ್ಯಾರೆ ಕೈ ಬಿಚ್ಚುದ್ರೆ ಆ ಒಣಗಲು ಆ ಕೈಗೇ ಅಂಟ್ಕೋತದೆ." ಅವಳು ಎದ್ದು ಸೀರೆಯ ಮಣ್ಣು ಕೊಡವಿದಳು. "ನಡೀರಿ. ಆ ಕೂಸೇನ್ ಪಾಪ ಮಾಡದೆ. ನಂಗೆ ಮನೆ ಬ್ಯಾಡ, ಜಮೀನು ಬ್ಯಾಡ. ನನ್ನೆದುರಿಗೆ ನಿಂತು 'ನಾನೇ' ಅಂತ ಅವ್ಳು ಒಂದ್ ಮಾತು ಅನ್ಲಿ. ಅಷ್ಟು ಸಾಕು."

ಅವರು ಚಿಕ್ಕಜಾಲದಲ್ಲಿ ಬಸ್ಸಿಳಿದಾಗ ಮುಂಗಾರಿನ ಮೋಡ ಕವಿದಿತ್ತು. ಮನೆ ಬಾಗಿಲಲ್ಲೇ ಕೇಳಿಸಿತು ಗೌರಮ್ಮನ ನರಳಾಟ. ಎಂಟು ತುಂಬುವ ಮೊದಲೇ ನೋವು. ಒಳಗಿಂದ ಸೂಲಗಿತ್ತಿ ಮುನಿಶಾಮಮ್ಮ ಹೊರಗೆ ತಲೆ ಹಾಕಿದಳು. ಅವಳ ಮುಖ ಬಿಳಿಚಿತ್ತು. "ನೀರೇ ಇಲ್ಲ ಅಪ್ಪಾ ಮೈಯಾಗೆ. ಒಣ ಎರಿಗೆ. ಇಬ್ಬರೂ ಉಳಿಯಾಕಿಲ್ಲ."

ಚನ್ನಕೇಶವ ಹಿತ್ತಲಿಗೆ ಓಡಿ ಚಪ್ಪರದ ಕತ್ತಲೊಳಗೆ ನುಗ್ಗಿದ. ಸನಿಕೆ ಹಾಕಲಿಲ್ಲ, ಬೇರು ತುಂಡಾದರೆ ಎಂಬ ಭಯ. ಕೈಯಲ್ಲೇ ಕೆದಕಿದ. ಮೇಲೆ ಬಳ್ಳಿ ಚರಚರ ಎನ್ನುತ್ತಿತ್ತು. ಬಾಣಂತಿ ಕೋಣೆಯ ವಾಸನೆ ಗಂಟಲಿಗೆ ಅಡರಿತು. ಮೊಳದಾಳ. ಬೇರುಗಳ ಗೂಡು. ಗೂಡಿನೊಳಗೆ ಅದು. ಕಪ್ಪಗಿರಲಿಲ್ಲ ಈಗ. ಕೆಂಪಗೆ, ಹಸಿಯಾಗಿ, ದಪ್ಪವಾಗಿ ಉಬ್ಬಿತ್ತು. ಮುಟ್ಟಿದ. ಬೆಚ್ಚಗಿತ್ತು. ಮಿಡಿಯುತ್ತಿತ್ತು. ಮೂರು ಸುತ್ತು ತಾಮ್ರ ಅದರೊಳಗೆ ಕಚ್ಚಿ ಕೂತಿತ್ತು.

"ಅತ್ತೇ!" ಅವನು ಅರಚಿದ. "ಬನ್ನಿ. ಬಿಚ್ಚಿ ಇದನ್ನ."

ವೆಂಕಟಲಕ್ಷ್ಮಮ್ಮ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ಎದುರಿಗೆ ಲಕ್ಕಮ್ಮ ನಿಂತಿದ್ದಳು. ಹದಿನೆಂಟು ವರ್ಷದ ಮೇಲೆ ಓರಗಿತ್ತಿಯರು ಮುಖ ನೋಡಿಕೊಂಡರು.

"ವೆಂಕಟೂ," ಎಂದಳು ಲಕ್ಕಮ್ಮ, ಮೆಲ್ಲಗೆ. "ನಿನ್ ಮಗಳು ಒಳಗವ್ಳೆ. ಬಾ. ಒಂದ್ ಮಾತು."

"ನಾನಲ್ಲ," ಎಂದಳು ವೆಂಕಟಲಕ್ಷ್ಮಮ್ಮ.

ಒಳಗೆ ಗೌರಮ್ಮ ಕಿರುಚಿದಳು.

"ನಾನೇನೂ ಕೇಳಾಕಿಲ್ಲ. ಬೈಯಾಕಿಲ್ಲ. ಬಿಚ್ಚು ಅಷ್ಟೇ."

"ನಾನಲ್ಲ. ಅಕ್ಕಾ, ನಾನಲ್ಲ."

"ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ. ನಿಮ್ಮ ಮಗಳು! ನಿಮ್ಮ ಮೊಮ್ಮಗು!"

ಅವಳ ಕಣ್ಣಿಂದ ಧಾರಾಕಾರ ನೀರು ಸುರಿಯುತ್ತಿತ್ತು. ಮಗಳ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಪ್ರಾಣವನ್ನೇ ಇಟ್ಟಿದ್ದಳು. ಆದರೆ ಬಂದು ತಂತಿ ಮುಟ್ಟಿದರೆ, ಅದು ಆ ಕೈಗೆ ಬಿಚ್ಚಿಕೊಂಡರೆ, ಊರಿಗೆಲ್ಲ ಗೊತ್ತಾಗುತ್ತದೆ. ಇಪ್ಪತ್ತೇಳು ವರ್ಷ ಕಾಪಾಡಿಕೊಂಡು ಬಂದ ಗುಟ್ಟು ಅವಳ ಕಾಲನ್ನು ಹೊಸ್ತಿಲಿಗೆ ಹೊಲಿದುಬಿಟ್ಟಿತ್ತು. ಥೂ, ಮಾನವೆನ್ನುವುದು ಇಂಥದೇ ಇರಬೇಕು.

"ನಾನಲ್ಲ," ಎಂದಳು ಮೂರನೇ ಸಲ.

ಒಳಗಿನ ಕಿರುಚಾಟ ನಿಂತಿತು. ಸದ್ದಿಲ್ಲ. ನರಳಾಟವಿಲ್ಲ. ಉಸಿರಿಲ್ಲ. ಬರೀ ಬೇರುಗಳ ಚಪ್ ಚಪ್.

ಚನ್ನಕೇಶವ ಕಾಯಲಿಲ್ಲ. ಎರಡು ಕೈಯನ್ನೂ ಬೇರಿನೊಳಗೆ ತುರುಕಿದ. "ಬ್ಯಾಡ ಅಪ್ಪಾ," ಎಂದು ಲಕ್ಕಮ್ಮ ಕೂಗಿದ್ದು ಕೇಳಿತು. ತಂತಿಯ ತುದಿ ಸಿಕ್ಕಿತು. ಎಳೆದ. ಬೆರಳು ಸುಟ್ಟಿತು. ಒಂದು ಸುತ್ತು. ಉಗುರಿನ ಕೆಳಗೆ ಏನೋ ಹೊಕ್ಕಿತು. ಎರಡು ಸುತ್ತು. ಕೈಯ ಬೆವರು ಆರಿತು. ರಕ್ತ ಆರಿತು. ಮೂರು.

ತಂತಿ ಕಳಚಿತು.

ಚಪ್ಪರದ ಎಲೆಗಳೆಲ್ಲ ಒಂದೇ ಉಸಿರಿಗೆ ಉದುರಿದವು. ತಲೆಯ ಮೇಲೆ, ಬೆನ್ನ ಮೇಲೆ, ಗರಿಗರಿ ಒಣ ಎಲೆ. ತಿಂಗಳುಗಳಿಂದ ಕತ್ತಲಾಗಿದ್ದ ಜಾಗಕ್ಕೆ ಬೆಳಕು ಬಿತ್ತು. ಒಳಗೊಂದು ಕೂಸು ಅತ್ತಿತು.

ಲಕ್ಕಮ್ಮ ಬಂದು ಗುಂಡಿಯ ಪಕ್ಕ ಮಂಡಿಯೂರಿದಳು. ತನ್ನದನ್ನು ತಾನೇ ಎತ್ತಿ ಸೆರಗಿನಲ್ಲಿ ಸುತ್ತಿಕೊಂಡಳು. "ಒಂದ್ ಒಸ ಮಡಿಕೆ ಕೊಡು, ಒಂದ್ ಇಡಿ ಅರಿಶಿನ," ಎಂದು ಮುನಿಶಾಮಮ್ಮನನ್ನು ಕೇಳಿ ಪಡೆದಳು. ನೀರೂ ಕುಡಿಯಲಿಲ್ಲ. ಹೊಸ್ತಿಲಲ್ಲಿದ್ದವಳ ಕಡೆ ತಿರುಗಿ ನೋಡದೆ ಹೆಬ್ಬಾಳದ ಬಸ್ಸಿಗೆ ನಡೆದುಹೋದಳು. ಇಷ್ಟು ವರ್ಷ ಅವಳು ಕಾದಿದ್ದ ಆ ಒಂದು ಮಾತು ಅವಳಿಗೆ ಕೊನೆಗೂ ಸಿಗಲಿಲ್ಲ.

ಗೌರಮ್ಮ ಬದುಕಿದಳು. ಹೆಣ್ಣು ಕೂಸೂ ಬದುಕಿತು. ಚನ್ನಕೇಶವ ಕೈ ತೊಳೆದು, ಉಜ್ಜಿ ಉಜ್ಜಿ ತೊಳೆದು, ನಗುತ್ತಾ ಅಳುತ್ತಾ ಒಳಗೆ ಬಂದ. ಬಗ್ಗಿ ಒಂದು ಬೆರಳಿಂದ ಮಗಳ ಕೆನ್ನೆ ಸವರಿದ.

ಸವರಿದಷ್ಟೂ ಕೆನ್ನೆ ಸುಕ್ಕಾಯಿತು. ಬೆರಳಗಲ, ಬೆರಳುದ್ದ, ಒಣ ಎಲೆಯ ಹಾಗೆ. ಕೂಸು ಮೂರು ದಿನ ಹಾಲು ಮುಟ್ಟದೆ ಅತ್ತಿತು. ನಾಲ್ಕನೇ ದಿನ ಹಾಲು ಕುಡಿಯಿತು, ಗುರುತು ಮಾತ್ರ ಹೋಗಲಿಲ್ಲ. ಅವನು ಹೊರಗೆ ಹೋಗಿ ಒಂದು ಚೆಂಡುಹೂವಿನ ಸಸಿ ಹಿಡಿದು ನೋಡಿದ. ತುಳಸಿ ಹಿಡಿದು ನೋಡಿದ. ಎರಡೂ ಬೆರಳ ನಡುವೆಯೇ ಗರಿಗರಿ ಒಣಗಿದವು. ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಅತ್ತ.

ಊರಿನಲ್ಲಿ ಕತೆ ಬೇರೆಯೇ ಹಬ್ಬಿತು. ಲಕ್ಕಮ್ಮ ಬಂದಿದ್ದಳಂತೆ, ಬಂದ ದಿನವೇ ಅಳಿಯನ ಕೈಗೆ ಮಾಟ ಇಟ್ಟು ಹೋದಳಂತೆ. ಹೇಳಿದವಳು ಯಾರೆಂದು ಬೇರೆ ಹೇಳಬೇಕೆ? ಚನ್ನಕೇಶವ ಹೆಂಡತಿಗೆ ನಡೆದದ್ದೆಲ್ಲ ಹೇಳಿದ. ಗೌರಮ್ಮ ಕೇಳಿಸಿಕೊಂಡು ಗೋಡೆ ಕಡೆ ತಿರುಗಿ ಮಲಗಿದಳು. ನಂಬಲಿಲ್ಲವೆಂದಲ್ಲ. ನಂಬಿದರೆ ತಾಯಿಯನ್ನು ಮನೆಯಿಂದ ಕಳಿಸಬೇಕು. ಕಳಿಸಿದರೆ ಕೂಸನ್ನು ಎತ್ತಿಕೊಳ್ಳುವ ಇನ್ನೊಂದು ಜೊತೆ ಕೈ ಆ ಮನೆಯಲ್ಲಿ ಇರಲಿಲ್ಲ.

ಅವನು ಬೀಜ ಸಸಿಗಳ ಕೆಲಸ ಬಿಟ್ಟು ಕಚೇರಿಯೊಳಗಿನ ಕೆಲಸ ಕೇಳಿ ಪಡೆದ. ಕಾಗದ ಹೇಗೂ ಒಣಗಿಯೇ ಇರುತ್ತದೆ. ಹಿತ್ತಲು ಅರ್ಧ ಅಗೆದ ಹಾಗೆಯೇ ಉಳಿಯಿತು. ಕಂಬಗಳು ನಿಂತಿದ್ದವು, ಗುಂಡಿಗಳು ಬಾಯಿ ಬಿಟ್ಟಿದ್ದವು, ಹಲಗೆ ಕಾಲು ಜಾರುವ ಜಾಗದಲ್ಲೇ ಕೊಳೆಯಿತು.

ಅರವತ್ತೆರಡರ ಒಂದು ಸಂಜೆ ಅವನು ಸೈಕಲ್ ನಿಲ್ಲಿಸುತ್ತಿದ್ದಾಗ ಮಗಳು ಪಡಸಾಲೆಯಿಂದ ಓಡಿ ಬಂದಳು. ಮೂರು ವರ್ಷದ ಪೋರಿ, ಕೆನ್ನೆಯ ಮೇಲೆ ಬೆರಳಿನ ಗುರುತು. "ಅಪ್ಪಾ, ಎತ್ಕೋ," ಎಂದು ಎರಡು ಕೈ ಮೇಲೆತ್ತಿ ನಿಂತಳು. ಚನ್ನಕೇಶವ ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ವೆಂಕಟಲಕ್ಷ್ಮಮ್ಮ ಹಿಂದಿನಿಂದ ಬಂದು ಮೊಮ್ಮಗಳನ್ನು ಬಾಚಿ ಸೊಂಟಕ್ಕೆ ಏರಿಸಿಕೊಂಡಳು. ಮುತ್ತಿಟ್ಟಳು. ಅಳಿಯನ ಮುಖ ನೋಡಲಿಲ್ಲ.

"ನಿಮ್ಮಪ್ಪನ ಕೈ ಮಣ್ಣು ಕಣಮ್ಮ," ಎಂದಳು. "ತೊಳ್ಕೊಂಡ್ ಬತ್ತಾರೆ."

ಮೂರು ವರ್ಷದಿಂದ ಅವನು ಮಣ್ಣು ಮುಟ್ಟಿರಲಿಲ್ಲ. ಆದರೂ ಬಚ್ಚಲಿಗೆ ಹೋಗಿ, ಆ ಒಗೆಯುವ ಚಪ್ಪಡಿಯ ಮೇಲೆ ನಿಂತು, ಕೈ ತೊಳೆಯತೊಡಗಿದ.